ಜಪಾನಿನ ಕಡಲಂಚಿಗೆ ಹೊರಟ ಬೆಂಗಳೂರಿನವರಿಗೆ: ಸುನಾಮಿ ಎಚ್ಚರಿಕೆ ಕೂಗಿದಾಗ

ಕಾಗದಪತ್ರದ ಮಾತು ಮೊದಲು ಮುಗಿಸೋಣ. ಮನೆ ಸೇರಿದ 14 ದಿನಗಳೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಿ, ಅಲ್ಲೇ ‘ಹಜಾರ್ಡ್ ಮ್ಯಾಪ್’, ಅಂದರೆ ನೀರು ಎಲ್ಲಿಯವರೆಗೆ ನುಗ್ಗಬಹುದೆಂದು ತೋರಿಸುವ ಅಪಾಯದ ನಕ್ಷೆ, ಕೇಳಿ ಪಡೆಯಿರಿ. ಮಿಕ್ಕ ಫಾರಂಗಳನ್ನು ಕಂಪನಿಯವರು ತುಂಬಿಸುತ್ತಾರೆ. ಈ ನಕ್ಷೆಯನ್ನು ಮಾತ್ರ ನೀವೇ ಓದಬೇಕು.

ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲೆ ಬೆಳೆದವರಿಗೆ ಸಮುದ್ರವೆಂದರೆ ವಾರಾಂತ್ಯದ ಗೋಕರ್ಣ, ಅಷ್ಟೆ. 2023ರ ಅಕ್ಟೋಬರಿನಲ್ಲಿ ಪರೀಕ್ಷಾ ಸಂದೇಶಕ್ಕೆ ಫೋನುಗಳೆಲ್ಲ ಒಟ್ಟಿಗೆ ಕಿರುಚಿದಾಗ ಬೆಂಗಳೂರು ‘ಓಕೆ’ ಒತ್ತಿ ತನ್ನ ಕೆಲಸ ನೋಡಿಕೊಂಡಿತು. ಆ ಬೆರಳಿನ ಅಭ್ಯಾಸವನ್ನು ವಿಮಾನ ಹತ್ತುವ ಮೊದಲೇ ಬಿಡಿ.

ಏಕೆಂದರೆ ಇಲ್ಲಿ ಮೊದಲ ಎಚ್ಚರಿಕೆ ಅಲೆಯನ್ನು ಕಂಡು ಕೊಡುವುದಲ್ಲ. ಭೂಕಂಪಮಾಪಕಗಳಿಂದ ಕೇಂದ್ರ, ಆಳ, ತೀವ್ರತೆಗಳನ್ನು ಲೆಕ್ಕಹಾಕಿ, ಕಂಪ್ಯೂಟರಿನಲ್ಲಿ ಮೊದಲೇ ಮಾಡಿಟ್ಟ ಮಾದರಿಗಳಲ್ಲಿ ಹತ್ತಿರದ್ದನ್ನು ಆರಿಸಿ, ಜಪಾನಿನ ಹವಾಮಾನ ಸಂಸ್ಥೆ ಸುಮಾರು 3 ನಿಮಿಷದಲ್ಲಿ ಅಂದಾಜು ಹೇಳುತ್ತದೆ. ಈ ಅಂದಾಜು ತಪ್ಪಬಹುದು, ಅದೂ ದೊಡ್ಡ ಕಂಪನದಲ್ಲೇ ಹೆಚ್ಚು. ನೂರಾರು ಕಿಲೋಮೀಟರ್ ಉದ್ದದ ಬಿರುಕು ಸರಿದು ಮುಗಿಯಲೇ ಕೆಲವು ನಿಮಿಷ ಬೇಕು, ಬೇಗ ಲೆಕ್ಕಹಾಕುವ ವಿಧಾನ ತೀವ್ರತೆ 8ರ ಆಸುಪಾಸಿನಲ್ಲೇ ಸಿಕ್ಕಿಕೊಳ್ಳುತ್ತದೆ. 2011ರ ಮಾರ್ಚ್ 11ರಂದು 9.0 ತೀವ್ರತೆಯ ಕಂಪನ ಮೊದಲು 7.9 ಎಂದು ಕಂಡಿತು. ಮಧ್ಯಾಹ್ನ 2.49ಕ್ಕೆ ಈಶಾನ್ಯ ತೀರದ ಪ್ರಾಂತ್ಯಗಳಾದ ಇವಾತೆ, ಫುಕುಶಿಮಾಗಳಿಗೆ 3 ಮೀಟರ್, ಮಿಯಾಗಿಗೆ 6 ಮೀಟರ್ ಎಂದು ಸಾರಿದರು. ಕಡಲ ಮೇಲೆ ತೇಲುವ ಜಿಪಿಎಸ್ ಬುರುಡೆಗಳು ನೀರು ಏರುತ್ತಿರುವುದನ್ನು ತೋರಿಸಿದ ಮೇಲೆ, 3.14ಕ್ಕೆ, ಅಂಕಿ ಹೆಚ್ಚಿತು. ಅಷ್ಟರಲ್ಲಿ ಕರೆಂಟ್ ಹೋಗಿ, ಹೊಸ ಅಂಕಿ ಎಷ್ಟೋ ಜನರಿಗೆ ತಲುಪಲೇ ಇಲ್ಲ. ‘ಮೂರು ಮೀಟರ್ ತಾನೇ, ತಡೆಗೋಡೆ ಇದೆಯಲ್ಲ’ ಎಂದು ಕೂತವರು ಕೂತೇ ಇದ್ದರು. 2013ರಿಂದ, ಕಂಪನದ ಗಾತ್ರ ಖಚಿತವಾಗದಿದ್ದರೆ, ಅಂಕಿಯ ಬದಲು ‘ಕ್ಯೊದಾಯ್’, ಅಂದರೆ ದೈತ್ಯ ಎಂದಷ್ಟೇ ಹೇಳುತ್ತಾರೆ. ಆ ಪದ ಕಿವಿಗೆ ಬಿದ್ದರೆ ಅಂಕಿಗಾಗಿ ಕಾಯಬೇಡಿ.

ಅಲೆಯನ್ನು ನಿಜವಾಗಿ ಅಳೆಯುವುದು ಸಮುದ್ರದ ತಳದಲ್ಲಿ. ಗಾಳಿಯ ಅಲೆಗಳ ಅಲುಗಾಟ ಆಳಕ್ಕೆ ಇಳಿಯುವುದಿಲ್ಲ, ಸುನಾಮಿ ಮಾತ್ರ ಮೇಲಿನಿಂದ ತಳದವರೆಗಿನ ನೀರನ್ನೆಲ್ಲ ಸರಿಸುತ್ತದೆ. ಹಾಗಾಗಿ 4000 ಮೀಟರ್ ಆಳದ ಒತ್ತಡಮಾಪಕ 1 ಸೆಂಟಿಮೀಟರ್ ಏರಿಕೆಯನ್ನೂ ಹಿಡಿಯುತ್ತದೆ. ಒಟ್ಟು ಒತ್ತಡದ ನಾಲ್ಕು ಲಕ್ಷದ ಒಂದು ಪಾಲು! ಈಶಾನ್ಯ ಜಪಾನಿನಾಚೆ ಎಸ್-ನೆಟ್ ಎಂಬ ಕೇಬಲ್ ಜಾಲದಲ್ಲಿ ಇಂಥ 150 ಕೇಂದ್ರಗಳಿವೆ. ದೂರದ ಸಾಗರದಲ್ಲಿ ಮಾಪಕ ಶಬ್ದದ ಮೂಲಕ ಮೇಲಿನ ತೇಲುಬುರುಡೆಗೆ ತಿಳಿಸುತ್ತದೆ, ಬುರುಡೆ ಉಪಗ್ರಹಕ್ಕೆ. ಹಗ್ಗ ಕಡಿದು ಬುರುಡೆ ತೇಲಿಹೋಗುವುದೂ ಉಂಟು. ಆಳದಲ್ಲಿ ಅಲೆಯ ವೇಗ ಗಂಟೆಗೆ 700 ಕಿಲೋಮೀಟರ್, 10 ಮೀಟರ್ ಆಳಕ್ಕೆ ಬಂದಾಗ 36. ಮುಂದಿನ ನೀರು ನಿಧಾನಿಸಿದಾಗ ಹಿಂದಿನದು ಅದರ ಮೇಲೇರುತ್ತದೆ. ಬರುವುದು ಮಲ್ಪೆಯಲ್ಲಿ ಕಾಣುವಂಥ ಅಲೆಯಲ್ಲ, ಕೆರೆ ಏರಿ ಒಡೆದಂತೆ ನಿಮಿಷಗಟ್ಟಲೆ ನುಗ್ಗುವ ನೀರು.

ಟಿವಿಯ ನಕ್ಷೆಯಲ್ಲಿ ಹಳದಿ ಎಂದರೆ 1 ಮೀಟರ್‌ವರೆಗೆ, ನೀರಿನಿಂದ, ದಡದಿಂದ ದೂರ ಹೋಗಿ. ಕೆಂಪು 3 ಮೀಟರ್‌ವರೆಗೆ, ನೇರಳೆ ಅದಕ್ಕಿಂತ ಹೆಚ್ಚು. ಇವೆರಡಕ್ಕೂ ಎತ್ತರಕ್ಕೆ ಹತ್ತಲೇಬೇಕು. ಬೀಚಿನಲ್ಲಿ ಕೆಂಪು-ಬಿಳಿ ಚೌಕಳಿ ಬಾವುಟ ಬೀಸಿದರೂ ಅದೇ ಅರ್ಥ. ಕಾರು ತೆಗೆಯಬೇಡಿ, ಸಿಲ್ಕ್ ಬೋರ್ಡ್ ಕಂಡವರಿಗೆ ಕಾರಣ ಹೇಳಬೇಕಿಲ್ಲ. ಲಿಫ್ಟ್ ಬೇಡ. ನಡುಕ ಸಣ್ಣದಿತ್ತೆಂದು ಸುಮ್ಮನಿರಬೇಡಿ: 1896ರಲ್ಲಿ ಈಶಾನ್ಯದ ಸಾನ್ರಿಕು ತೀರದಲ್ಲಿ ನಡುಕ ಹಗುರವಾಗಿತ್ತು, ಸತ್ತವರು ಸುಮಾರು 22,000. 1960ರಲ್ಲಂತೂ ಕಂಪನವಾದದ್ದು ಚಿಲಿಯಲ್ಲಿ, ನೀರು ಇಲ್ಲಿಗೆ ಬಂದದ್ದು ಸುಮಾರು ಒಂದು ದಿನದ ಮೇಲೆ.

ಅತಿ ಕಷ್ಟದ ಮಾತು ಮಕ್ಕಳದು. ಮಳೆ ಜೋರಾದರೆ, ಬಂದ್ ಎಂದರೆ ಶಾಲೆಯ ಗೇಟಿಗೆ ಓಡುವುದು ನಮ್ಮ ರಕ್ತದಲ್ಲಿದೆ. ಇಲ್ಲಿ ಓಡಬೇಡಿ. ನೀವು ಗೇಟು ಮುಟ್ಟುವ ಹೊತ್ತಿಗೆ ಮಗು ಗುಡ್ಡದ ಮೇಲಿರುತ್ತದೆ, ಕೆಳಗಿರುವುದು ನೀವು. ‘ತೆಂದೆಂಕೊ’ ಎನ್ನುತ್ತಾರೆ ಸಾನ್ರಿಕುವಿನವರು: ಅವರವರೇ ಓಡಿ. ಉಳಿದವರೂ ಓಡಿರುತ್ತಾರೆಂಬ ನಂಬಿಕೆಯಿದ್ದರಷ್ಟೇ ಅದು ನಡೆಯುತ್ತದೆ. 2011ರಲ್ಲಿ ಅದೇ ತೀರದ ಕಮಾಯಿಶಿ ಊರಿನ ಹೈಸ್ಕೂಲು ವಯಸ್ಸಿನ ಮಕ್ಕಳು ಚಿಕ್ಕವರ ಕೈ ಹಿಡಿದು ಓಡಿ ಬದುಕಿದರು. ಯಾರು ಎಲ್ಲಿಗೆ ಹತ್ತುವುದೆಂದು ಊಟಕ್ಕೆ ಕೂತಾಗ ಮಾತಾಡಿಡಿ. ಮಗು ದಾರಿಯನ್ನು ಜಪಾನಿ ಭಾಷೆಯಲ್ಲೇ ಹೇಳುತ್ತದೆ, ನಿಮಗಿಂತ ಟೀಚರ್ ಮಾತನ್ನೇ ನಂಬುತ್ತದೆ. ಸ್ವಲ್ಪ ಚುಚ್ಚುತ್ತದೆ, ಚುಚ್ಚಲಿ.

ಬ್ಯಾಗಿನಲ್ಲಿ ನೀರು, ಮಾತ್ರೆ, ಟಾರ್ಚ್, ಪಾಸ್‌ಪೋರ್ಟ್ ಜೆರಾಕ್ಸ್, ದಪ್ಪ ಸ್ವೆಟರ್. ಆಶ್ರಯ ಕೇಂದ್ರದ ಊಟದಲ್ಲಿ ಮೀನಿನ ಸಾರ ಇರಬಹುದು, ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ಇಟ್ಟುಕೊಳ್ಳಿ. ಮೊದಲ ಅಲೆಯೇ ದೊಡ್ಡದಾಗಿರಬೇಕಿಲ್ಲ. ಎಚ್ಚರಿಕೆ ಹಿಂತೆಗೆಯುವವರೆಗೂ ಇಳಿಯಬೇಡಿ. 2025ರ ಜುಲೈ 30ರ ಕಮ್ಚಾಟ್ಕಾ ಕಂಪನದ ಎಚ್ಚರಿಕೆ ಇಲ್ಲಿ ಪೂರ್ತಿ ತೆರವಾದದ್ದು ಮರುದಿನ ಸಂಜೆ.

ಬೆಂಗಳೂರಿನ ಅಪ್ಪ-ಅಮ್ಮನಿಗೂ ಈಗಲೇ ಹೇಳಿಡಿ. ಇಲ್ಲಿ ರಾತ್ರಿ ಹನ್ನೆರಡೂವರೆಗೆ ಸೈರನ್ ಆದರೆ ಅಲ್ಲಿ ಒಂಬತ್ತು ಗಂಟೆ, ಟಿವಿ ಹಾಕಿಯೇ ಇರುತ್ತದೆ. ಅವರು ಮೇಲಿಂದ ಮೇಲೆ ಕರೆ ಮಾಡಿದರೆ ಹತ್ತುತ್ತಿರುವ ನಿಮ್ಮ ಕೈ, ಬ್ಯಾಟರಿ ಎರಡೂ ಅದಕ್ಕೇ ಹೋಗುತ್ತವೆ. ಮೇಲೆ ತಲುಪಿದ ಮೇಲೆ ನಾವೇ ಒಂದು ಸಾಲು ಮೆಸೇಜ್ ಹಾಕುತ್ತೇವೆ, ಅದು ಬರಲು ತಡವಾಗಬಹುದು ಎಂದು ತಿಳಿಸಿ ಬನ್ನಿ.