ಒಲೆ ಹಚ್ಚದೆ ಚಾಕೊಲೇಟ್ ಕುಕೀಸ್: ಖರ್ಜೂರ, ಕೊಬ್ಬರಿ, ಹುರಿಯದ ಕೊಕ್ಕೊ

ನಮ್ಮ ಪುತ್ತೂರು ಕಡೆ ‘ಹಸಿ ಕೊಕ್ಕೊ’ ಅಂದರೆ ಕಾಯಿ ಒಡೆದು ಆಗಷ್ಟೇ ತೆಗೆದ, ಬಿಳಿ ಲೋಳೆ ಮೆತ್ತಿಕೊಂಡಿರುವ ಬೀಜ. ಅಡಿಕೆ ತೋಟದ ನೆರಳಲ್ಲಿ ಬೆಳೆದ ಕಾಯಿಗಳನ್ನು ಅಂಗಳಕ್ಕೆ ತಂದು ಒಡೆಯಲು ಕೂತರೆ ಮಕ್ಕಳೆಲ್ಲ ಸುತ್ತ ಸೇರುತ್ತಿದ್ದೆವು. ಆ ಲೋಳೆಯನ್ನು ಚೀಪಿದರೆ ಸಿಹಿಹುಳಿ ರುಚಿ. ಚೀಪಿ ಮುಗಿಸಿ ಬೀಜ ಕಚ್ಚಿದರೆ ಒಳಗೆ ನೇರಳೆ ಬಣ್ಣ, ಬಾಯಿ ತುಂಬ ಕಹಿ ಮತ್ತು ಒಗರು. ಚಾಕೊಲೇಟಿನ ವಾಸನೆ ಎಳ್ಳಷ್ಟೂ ಇಲ್ಲ. ಅದು ಬರಬೇಕಾದರೆ ಬೀಜವನ್ನು ಲೋಳೆ ಸಮೇತ ಐದಾರು ದಿನ ರಾಶಿ ಹಾಕಿ, ನಡುನಡುವೆ ಮಗುಚಿ, ಹುದುಗಲು ಬಿಟ್ಟು, ಆಮೇಲೆ ಬಿಸಿಲಿಗೆ ಒಣಗಿಸಬೇಕು. ಹುದುಗುತ್ತಿರುವ ರಾಶಿಯೊಳಗೆ ಕೈ ಇಟ್ಟರೆ ಚುರುಕ್ ಎನ್ನುತ್ತದೆ. ಅಲ್ಲಿ ಶಾಖ 45ರಿಂದ 50 ಡಿಗ್ರಿ ಮುಟ್ಟಿರುತ್ತದೆ.

ಇದನ್ನು ಮೊದಲೇ ಹೇಳಲು ಕಾರಣವಿದೆ. ‘ರಾ ಫುಡ್’ ಪಾಲಿಸುವವರು ಆಹಾರದ ಬಿಸಿ ಸುಮಾರು 42ರಿಂದ 48 ಡಿಗ್ರಿ ದಾಟಬಾರದು ಎನ್ನುತ್ತಾರೆ. ಹುದುಗಿಸಿದ ಕೊಕ್ಕೊ ಆ ಗೆರೆಯ ಮೇಲೇ ನಿಂತಿರುತ್ತದೆ. ಅಂಗಡಿಯಲ್ಲಿ ‘ರಾ ಕಕಾವೊ’ ಎಂದು ದುಬಾರಿ ಬೆಲೆಗೆ ಸಿಗುವುದು ಹುರಿಯದ ಬೀಜದ ಪುಡಿ, ಅಷ್ಟೇ. ಈ ಲೇಖನದಲ್ಲೂ ಹಸಿ ಎಂದರೆ ಹುರಿಯದ್ದು, ಬೇಯಿಸದ್ದು ಎಂದಿಟ್ಟುಕೊಳ್ಳಿ.

ನಾನು ಈ ಕುಕೀಸ್ ಕಲಿತದ್ದು ಅಕ್ಕನ ಮಗನಿಗಾಗಿ. ಅವನಿಗೆ ಹಾಲು ಆಗುವುದಿಲ್ಲ. ಬೆಣ್ಣೆ, ತುಪ್ಪ, ಹಾಲಿನ ಪುಡಿ ಯಾವುದು ತಗಲಿದರೂ ಮೈಯೆಲ್ಲ ದದ್ದು. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಅವನಿಗೆ ಕೊಡಬಹುದು ಎನ್ನುವಂತಿಲ್ಲ, ಏಕೆಂದರೆ ಆ ಚುಕ್ಕೆ ಇರುವ ತಿಂಡಿಯಲ್ಲಿ ಹಾಲು ಇರಬಹುದು. ಹಾಲು, ಜೇನು ಸೇರಿದಂತೆ ಪ್ರಾಣಿಮೂಲದ ಯಾವುದೂ ಇಲ್ಲದ ಆಹಾರಕ್ಕೆ ನಮ್ಮ ದೇಶದಲ್ಲಿ ಬೇರೆಯದೇ ‘ವೀಗನ್’ ಗುರುತು ಬಂದಿದೆ. ಅದರ ನಿಯಮಗಳು 2022ರಲ್ಲಿ ಜಾರಿಯಾದವು. ಅಲರ್ಜಿ ಇರುವ ಮನೆಯವರು ಆ ಗುರುತಿನ ಜೊತೆಗೆ ‘ಹಾಲಿನ ಅಂಶ ಇರಬಹುದು’ ಎಂಬ ಸಣ್ಣಕ್ಷರದ ಸಾಲು ಇದೆಯೇ ಎಂದೂ ಹುಡುಕಬೇಕು. ಕೊಕ್ಕೊ ಬೆಣ್ಣೆ ಎಂಬ ಹೆಸರು ಕಂಡು ಮಾತ್ರ ಹೆದರಬೇಡಿ. ಅದು ಕೊಕ್ಕೊ ಬೀಜದಿಂದ ಹಿಂಡಿದ ಕೊಬ್ಬು, ಹಾಲಿಗೂ ಅದಕ್ಕೂ ಸಂಬಂಧವಿಲ್ಲ.

ಓವನ್ನಿನ ಕೆಲಸ ಇಲ್ಲಿ ಯಾರು ಮಾಡುತ್ತಾರೆ?

ಇದು ಗೊತ್ತಾದರೆ ಅಳತೆ ಪಟ್ಟಿ ಕಳೆದುಹೋದರೂ ಕುಕೀಸ್ ಮಾಡಬಹುದು. ಮಾಮೂಲಿ ಕುಕೀಸ್‌ನಲ್ಲಿ ಹಿಟ್ಟು ಬೆಂದು ಗಟ್ಟಿಯಾಗುತ್ತದೆ, ನೀರು ಆವಿಯಾಗುತ್ತದೆ, ಸಕ್ಕರೆ ಕೆಂಪಗಾಗುತ್ತದೆ. ನಾವು ಹಿಟ್ಟಿನಲ್ಲಿ ಸ್ವಲ್ಪ ನೀರು ಹೆಚ್ಚು ಹಾಕಿದರೂ ಓವನ್ ಅದನ್ನು ಸರಿಮಾಡುತ್ತದೆ. ಒಲೆಯೇ ಇಲ್ಲದ ಕಡೆ ಆ ರಿಯಾಯಿತಿ ಇಲ್ಲ. ಹಿಟ್ಟಿನೊಳಗೆ ಹೋದ ನೀರು ಅಲ್ಲೇ ಉಳಿಯುತ್ತದೆ. ಆದ್ದರಿಂದ ಈ ಅಡುಗೆಯ ಪೂರ್ತಿ ಲಕ್ಷ್ಯ ಪಸೆಯ ಮೇಲೆ ಇರಬೇಕು.

ಸಿಹಿಯನ್ನೂ ಅಂಟನ್ನೂ ಖರ್ಜೂರ ಕೊಡುತ್ತದೆ. ಬಾದಾಮಿ ಮತ್ತು ಕೊಬ್ಬರಿ ಹಿಟ್ಟಿನ ಜಾಗದಲ್ಲಿ ನಿಲ್ಲುತ್ತವೆ. ಅಗಸೆ ಬೀಜದ ಪುಡಿ ಇರುವ ಅಷ್ಟಿಷ್ಟು ತೇವವನ್ನು ಹೀರಿ ಲೋಳೆಯಾಗಿ ಎಲ್ಲವನ್ನೂ ಹಿಡಿದಿಡುತ್ತದೆ. ಕೊಕ್ಕೊ ಬೆಣ್ಣೆ ಅಥವಾ ತೆಂಗಿನೆಣ್ಣೆ ತಣ್ಣಗಾದಾಗ ಗಟ್ಟಿಯಾಗಿ ಕುಕೀಸ್‌ಗೆ ಆಕಾರ ಕೊಡುತ್ತದೆ.

ಎಣ್ಣೆಯ ವಿಷಯದಲ್ಲಿ ನೀವಿರುವ ಊರು ನೋಡಿಕೊಳ್ಳಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಕರಗುತ್ತದೆ. ಡಿಸೆಂಬರಿನ ಬೆಂಗಳೂರು, ಮೈಸೂರುಗಳಲ್ಲಿ ಬಾಟಲಿಯೊಳಗೇ ಹೆಪ್ಪುಗಟ್ಟುವ ಅದೇ ಎಣ್ಣೆ ಮಂಗಳೂರಿನಲ್ಲಿ ಹೆಚ್ಚುಕಡಿಮೆ ವರ್ಷವಿಡೀ ನೀರಾಗಿರುತ್ತದೆ. ಕೊಕ್ಕೊ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಗೆ. ಕರಾವಳಿಯವರು ಕೊಕ್ಕೊ ಬೆಣ್ಣೆಯನ್ನೇ ಬಳಸಿ. ಮೇಲಿನ ಸೀಮೆಯವರಿಗೆ ಚಳಿಗಾಲದಲ್ಲಿ ಗಾಣದ ತೆಂಗಿನೆಣ್ಣೆ ಸಾಕು.

ಬೇಕಾಗುವ ಸಾಮಾನು (18 ಕುಕೀಸ್‌ಗೆ)

ಬೀಜ ತೆಗೆದ ಮೆತ್ತನೆಯ ಖರ್ಜೂರ 150 ಗ್ರಾಂ, ಬಾದಾಮಿ 100 ಗ್ರಾಂ, ಒಣ ಕೊಬ್ಬರಿ ತುರಿ 60 ಗ್ರಾಂ, ಹುರಿಯದ ಕೊಕ್ಕೊ ಪುಡಿ 30 ಗ್ರಾಂ, ಅಗಸೆ ಪುಡಿ 2 ಚಮಚ, ಕೊಕ್ಕೊ ಬೆಣ್ಣೆ ಅಥವಾ ತೆಂಗಿನೆಣ್ಣೆ 25 ಗ್ರಾಂ, ಪುಡಿ ಮಾಡಿದ ಕಲ್ಲುಪ್ಪು ಎರಡು ಚಿಟಿಕೆ, ತುರಿದ ಜಾಯಿಕಾಯಿ ಒಂದು ಚಿಟಿಕೆ. ವೆನಿಲ್ಲಾ ಬೇಕೆನಿಸಿದರೆ ಹಾಕಿ. ನನಗೆ ಹುರಿಯದ ಕೊಕ್ಕೊದ ಹುಳಿಗೆ ಜಾಯಿಕಾಯಿಯೇ ಹೆಚ್ಚು ಒಪ್ಪುತ್ತದೆ. ಅದೂ ನಮ್ಮ ಅಡಿಕೆ ತೋಟಗಳ ನೆರಳಿನದೇ ಬೆಳೆ.

ಕೊಬ್ಬರಿ ಎಂದಾಗ ತಿಪಟೂರಿನ ಉಂಡೆ ಕೊಬ್ಬರಿ ಸಿಕ್ಕರೆ ಬಿಡಬೇಡಿ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಎನ್ನುವ ಉಂಡೆಯಾಗುತ್ತದೆ. ಬೆಂಕಿ ಸೋಕದೆ ತಯಾರಾದ ಇದಕ್ಕಿಂತ ಅಪ್ಪಟ ಹಸಿ ಸಾಮಗ್ರಿ ಈ ಪಟ್ಟಿಯಲ್ಲಿ ಇನ್ನೊಂದಿಲ್ಲ. ಪೊಟ್ಟಣದ ಕೊಬ್ಬರಿ ಪುಡಿಯನ್ನು ಕಾರ್ಖಾನೆಯಲ್ಲಿ ಬಿಸಿ ಗಾಳಿಯಲ್ಲಿ ಒಣಗಿಸಿರುತ್ತಾರೆ. ಹಸಿ ತೆಂಗಿನಕಾಯಿ ತುರಿಯಂತೂ ಬೇಡವೇ ಬೇಡ: ನೀರಿನಂಶ ಹೆಚ್ಚು, ಎರಡನೇ ದಿನಕ್ಕೆ ಹಳಸಿದ ವಾಸನೆ ಬರುತ್ತದೆ.

ಇದರ ಬದಲು ಅದು ಹಾಕಬಹುದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಗೋಡಂಬಿ ಹಾಕಬಹುದು, ಕುಕೀಸ್ ಇನ್ನಷ್ಟು ಮೆತ್ತಗಾಗುತ್ತದೆ. ಆದರೆ ಸಿಪ್ಪೆಯಲ್ಲಿರುವ ಸುಡುವ ಎಣ್ಣೆಯ ಕಾರಣ ಕಾರ್ಖಾನೆಗಳಲ್ಲಿ ಅದನ್ನು ಹಬೆಯಲ್ಲಿ ಬೇಯಿಸಿ ಇಲ್ಲವೇ ಹುರಿದೇ ಒಡೆಯುವುದು, ಹಾಗಾಗಿ ಅದು ಕಟ್ಟುನಿಟ್ಟಾಗಿ ಹಸಿಯಲ್ಲ. ಓಟ್ಸ್‌ಗೂ ಹಬೆ ಕೊಟ್ಟಿರುತ್ತಾರೆ. ಅವಲಕ್ಕಿಯ ಭತ್ತವನ್ನು ನೆನೆಸಿ ಹುರಿದೇ ಕುಟ್ಟುವುದು. ಬೆಲ್ಲ ಕಾಯಿಸಿದ ಪದಾರ್ಥ. ಹಾಲು ಬೇಡ ಎಂಬುದಷ್ಟೇ ನಿಮ್ಮ ಉದ್ದೇಶವಾದರೆ ಇವೆಲ್ಲ ಧಾರಾಳವಾಗಿ ನಡೆಯುತ್ತವೆ. ಕಡಲೆಕಾಯಿ ಬೀಜವನ್ನು ಹುರಿಯದೆ ಹಾಕಿದರೆ ಬೇಳೆಯಂಥ ಹಸಿ ವಾಸನೆ ಕೊಕ್ಕೊವನ್ನೂ ಮೀರಿಸುತ್ತದೆ. ಗೋಧಿ ಹಿಟ್ಟು, ಮೈದಾ, ರಾಗಿ ಹಿಟ್ಟುಗಳನ್ನು ಬೇಯಿಸದೆ ತಿನ್ನಲೇಬಾರದು. ಹಸಿ ಹಿಟ್ಟಿನಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಇದೆ.

ಮಾಡುವ ಬಗೆ

ಮೊದಲ ಹೆಜ್ಜೆ ಹಿಂದಿನ ರಾತ್ರಿಯದು. ಬಾದಾಮಿ ತೊಳೆದು ಎಂಟು ಗಂಟೆ ನೆನೆಸಿ, ಬಸಿದು, ಬಟ್ಟೆಯ ಮೇಲೆ ಹರಡಿ ಬಿಸಿಲಿಗಿಡಿ. ಮುರಿದರೆ ‘ಟಕ್’ ಎನ್ನುವವರೆಗೆ ಒಣಗಬೇಕು. ಅದಕ್ಕೆ ಒಂದೂವರೆ ದಿನವೂ ಹಿಡಿದೀತು. ರಾತ್ರಿ ಫ್ರಿಜ್ಜಿಗೆ ಹಾಕಿ ಮರುದಿನ ಮತ್ತೆ ಬಿಸಿಲಿಗೆ ತನ್ನಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ನೆನೆಸುವುದನ್ನೇ ಬಿಟ್ಟು ಒಣ ಬಾದಾಮಿಯನ್ನೇ ಬಳಸಿ. ಅರೆಬರೆ ಒಣಗಿದ ಬಾದಾಮಿ ಹಾಕಿದ ಸಲ ನನ್ನ ಇಡೀ ಡಬ್ಬಿಯ ಕುಕೀಸ್ ಮೂರನೇ ದಿನಕ್ಕೆ ಬೂಸ್ಟು ಹಿಡಿದಿತ್ತು.

ಖರ್ಜೂರವನ್ನು ಒಂದೊಂದಾಗಿ ಬಿಡಿಸಿ ಒಳಗೆ ನೋಡಿ. ಹುಳು, ಕಪ್ಪು ಪುಡಿ, ಹುಳಿ ವಾಸನೆ ಇದ್ದರೆ ಎಸೆಯಿರಿ. ಗಟ್ಟಿಯಾಗಿದ್ದರೆ ನೀರಿಗೆ ಹಾಕಬೇಡಿ; ಸಣ್ಣಗೆ ಹೆಚ್ಚಿ ತಟ್ಟೆಯಲ್ಲಿ ಹರಡಿ ಕಾಲು ಗಂಟೆ ಬಿಸಿಲಲ್ಲಿಟ್ಟರೆ ತಾನೇ ಮೆತ್ತಗಾಗುತ್ತದೆ.

ಬಾದಾಮಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದು, ಪೂರ್ತಿ ಒಣಗಿದ ಮಿಕ್ಸಿ ಜಾರಿಗೆ ಹಾಕಿ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಜಾರು ಬಿಸಿಯೇರಿ ಬಾದಾಮಿ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಸಣ್ಣ ರವೆಯಷ್ಟು ತರಿ ಇರಲಿ. ಬೇಯಿಸದ ಕುಕೀಸ್‌ನಲ್ಲಿ ಹಲ್ಲಿಗೆ ಸಿಗುವ ಗರಿಗರಿ ಆ ತರಿಯಿಂದಲೇ. ಇದಕ್ಕೆ ಕೊಬ್ಬರಿ ತುರಿ, ಕೊಕ್ಕೊ ಪುಡಿ, ಅಗಸೆ ಪುಡಿ, ಉಪ್ಪು, ಜಾಯಿಕಾಯಿ ಸೇರಿಸಿ ಒಮ್ಮೆ ತಿರುಗಿಸಿ ಅಗಲವಾದ ಪಾತ್ರೆಗೆ ಸುರಿದುಕೊಳ್ಳಿ.

ಅದೇ ಜಾರಿನಲ್ಲಿ ಖರ್ಜೂರ ಅರೆಯಿರಿ. ಬ್ಲೇಡಿಗೆ ಸಿಕ್ಕಿಕೊಂಡು ತಿರುಗದಿದ್ದರೆ ನೀರಿನ ಚೊಂಬಿಗೆ ಕೈ ಹೋಗುತ್ತದೆ. ಹೋಗದಿರಲಿ. ಪುಡಿಯಲ್ಲೇ ಎರಡು ಚಮಚ ಹಾಕಿ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಕೊಕ್ಕೊ ಬೆಣ್ಣೆಯನ್ನು ಬಟ್ಟಲಲ್ಲಿ ಹಾಕಿ, ಬಟ್ಟಲನ್ನು ಬೆಚ್ಚನೆಯ ನೀರಿನ ಮೇಲಿಟ್ಟು ಕರಗಿಸಿ. ನೀರು ಕೈಗೆ ಹಿತವಾಗಿದ್ದರೆ ಸಾಕು, ಕುದಿಯುವ ನೀರು ಬೇಡ.

ಈಗ ಎಲ್ಲವನ್ನೂ ಕೈಯಿಂದ ಕಲೆಸಿ, ರೊಟ್ಟಿ ಹಿಟ್ಟಿನಂತೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿ. ಐದು ನಿಮಿಷವಾದರೂ ಬೇಕು. ಮೊದಲು ಉದುರುದುರಾಗಿದ್ದದ್ದು ಕೈಬಿಸಿಗೆ ಒಂದಾಗುತ್ತದೆ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ನಿಲ್ಲಬೇಕು, ಬೆರಳಿಗೆ ಅಂಟಬಾರದು. ಉದುರಿದರೆ ಇನ್ನೊಂದು ಖರ್ಜೂರ ಕಿವುಚಿ ಸೇರಿಸಿ. ಅಂಟಿದರೆ ಒಂದು ಚಮಚ ಅಗಸೆ ಪುಡಿ ಹಾಕಿ ಹತ್ತು ನಿಮಿಷ ಮುಚ್ಚಿಡಿ. ಆ ಹತ್ತು ನಿಮಿಷದಲ್ಲಿ ಅದು ಪಸೆ ಹೀರುವುದನ್ನು ಕೈಯೇ ಹೇಳುತ್ತದೆ.

ಹಳೇ ಮೈಸೂರಿನ ಕಡೆ ನಾಗರಪಂಚಮಿಗೆ ಬೆಂಕಿ ಸೋಕಿಸದೆ ಚಿಗಳಿ, ಹಸಿ ತಂಬಿಟ್ಟು ಕಟ್ಟುವವರಿಗೆ ಈ ಹದ ವಿವರಿಸುವ ಅಗತ್ಯವಿಲ್ಲ. ಎಳ್ಳು ತನ್ನ ಎಣ್ಣೆಯನ್ನು ತಾನೇ ಬಿಟ್ಟು ಬೆಲ್ಲದೊಡನೆ ಕೂಡಿಕೊಳ್ಳುವ ಹಾಗೆಯೇ ಇಲ್ಲಿ ಬಾದಾಮಿ ಖರ್ಜೂರದೊಡನೆ ಕೂಡಿಕೊಳ್ಳುತ್ತದೆ.

ಎರಡು ಬಟರ್ ಪೇಪರ್ ನಡುವೆ ಹಿಟ್ಟನ್ನಿಟ್ಟು ಅರ್ಧ ಬೆರಳು ದಪ್ಪಕ್ಕೆ ಲಟ್ಟಿಸಿ, ಸಣ್ಣ ಡಬ್ಬಿಯ ಮುಚ್ಚಳದಿಂದ ಒತ್ತಿ ಕತ್ತರಿಸಿ. ತಟ್ಟೆಯಲ್ಲಿ ಜೋಡಿಸಿ ಎರಡು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಮೆತ್ತನೆಯ ಕುಕೀಸ್ ಸಿದ್ಧ.

ಗರಿಗರಿ ಬೇಕೆಂದರೆ

ಒಣಗಿಸಬೇಕು. ಆಗ ಕೊಬ್ಬನ್ನು ಒಂದು ಚಮಚಕ್ಕೆ ಇಳಿಸಿ, ಇಲ್ಲದಿದ್ದರೆ ಬಿಸಿಲಿಗೆ ಅದು ಕರಗಿ ಕುಕೀಸ್ ಜಿಡ್ಡುಜಿಡ್ಡಾಗುತ್ತದೆ. ತೆಳ್ಳಗೆ ಲಟ್ಟಿಸಿ, ಸಂಡಿಗೆ ಒಣಗಿಸುವಂತೆ ತಾರಸಿಯ ಮೇಲೆ ತೆಳು ಬಟ್ಟೆ ಮುಚ್ಚಿ ಇಡಿ, ಮಧ್ಯಾಹ್ನ ಮಗುಚಿ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿಗೆ ಸಂಜೆಯೊಳಗೆ ಅಂಚು ಗರಿಯಾಗುತ್ತದೆ. ಮಳೆಗಾಲದ ಕರಾವಳಿಯಲ್ಲಿ ಈ ಯೋಚನೆಯೇ ಬೇಡ. ಡಿಹೈಡ್ರೇಟರ್ (ಆಹಾರ ಒಣಗಿಸುವ ಯಂತ್ರ) ಇರುವವರು 45 ಡಿಗ್ರಿಯಲ್ಲಿ ಎಂಟರಿಂದ ಹತ್ತು ಗಂಟೆ ಇಡಬಹುದು. ಒಣಗಿಸಿದರೂ ಬೇಕರಿಯ ಬಿಸ್ಕತ್ತಿನ ಹಾಗೆ ಕಟಕಟ ಎನ್ನುವುದಿಲ್ಲ. ಅಂಚು ಗರಿ, ನಡು ಮೆತ್ತಗೆ.

ಮೇಲೆ ಚಾಕೊಲೇಟ್ ಸವರಲು 40 ಗ್ರಾಂ ಕರಗಿಸಿದ ಕೊಕ್ಕೊ ಬೆಣ್ಣೆಗೆ 25 ಗ್ರಾಂ ಕೊಕ್ಕೊ ಪುಡಿ, ನುಣ್ಣಗೆ ಜರಡಿ ಹಿಡಿದ ಉತ್ತತ್ತಿ ಪುಡಿ ಎರಡು ಚಮಚ ಬೆರೆಸಿ. ಇದಕ್ಕೆ ಒಂದು ಹನಿ ನೀರು ಬಿದ್ದರೂ ಗಂಟುಗಂಟಾಗುತ್ತದೆ, ಚಮಚವೂ ಒಣಗಿರಲಿ. ಆರಿದ ಕುಕೀಸ್‌ನ ಅರ್ಧ ಭಾಗ ಅದ್ದಿ ಫ್ರಿಜ್ಜಿಗಿಡಿ. ಕೆಲವು ದಿನಗಳಲ್ಲಿ ಮೇಲೆ ಬೂದಿಯಂಥ ಬಿಳುಪು ಕಾಣಬಹುದು. ಅದು ಮೇಲೆ ಬಂದ ಕೊಕ್ಕೊ ಬೆಣ್ಣೆ, ತಿನ್ನಲು ತೊಂದರೆಯಿಲ್ಲ.

ತೋಟದ ಬೀಜವೇ ಇದ್ದರೆ

ಪುತ್ತೂರಿನ ಕೆಮ್ಮಿಂಜೆಯಲ್ಲಿ ಅಡಿಕೆ, ಕೊಕ್ಕೊ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೊ 1986ರಲ್ಲಿ ಚಾಕೊಲೇಟ್ ಕಾರ್ಖಾನೆ ಆರಂಭಿಸಿದ ಮೇಲೂ ನಮ್ಮ ಬಹುಪಾಲು ಮನೆಗಳಲ್ಲಿ ಕೊಕ್ಕೊ ಮಾರುವ ಬೆಳೆ ಮಾತ್ರ, ಅಡುಗೆಮನೆಗೆ ಬರುವುದಿಲ್ಲ. ಬರಬೇಕು ಎಂದು ನನ್ನ ಆಸೆ. ಹುದುಗಿಸಿ ಒಣಗಿಸಿದ ಬೀಜವನ್ನು ಎರಡು ಗಂಟೆ ಬಿಸಿಲಿಗಿಟ್ಟು, ಜಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ. ಹುರಿದ ಬೀಜದ ಸಿಪ್ಪೆ ಸಲೀಸಾಗಿ ಬಿಡುತ್ತದೆ, ಹುರಿಯದ್ದು ಹಟ ಮಾಡುತ್ತದೆ, ಉಗುರಲ್ಲಿ ಬಿಡಿಸಬೇಕಾಗಬಹುದು. ಸಿಕ್ಕ ನುಚ್ಚಿನಲ್ಲಿ ಅರ್ಧದಷ್ಟು ಕೊಬ್ಬೇ ಇರುವುದರಿಂದ 50 ಗ್ರಾಂ ನುಚ್ಚು ಹಾಕಿದರೆ ಕೊಕ್ಕೊ ಪುಡಿಯೂ ಬೇಡ, ಬೆಣ್ಣೆಯೂ ಬೇಡ. ನಾಲ್ಕೈದು ಕಾಯಿಯ ಬೀಜವನ್ನು ಮನೆಯಲ್ಲೇ ಹುದುಗಿಸಲು ಹೋಗಬೇಡಿ. ಅಷ್ಟು ಸಣ್ಣ ರಾಶಿ ಬಿಸಿಯೇರುವುದಿಲ್ಲ, ಪರಿಮಳ ಬರುವ ಬದಲು ಬೂಸ್ಟು ಬರುತ್ತದೆ.

ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು. ಅಂಗಳದಲ್ಲಿ ಒಣಗಿದ ಬೀಜದ ಮೇಲಿರುವ ಸಾಲ್ಮೊನೆಲ್ಲಾದಂಥ ರೋಗಾಣುಗಳನ್ನು ಕೊಲ್ಲುವುದು ಹುರಿಯುವ ಬೆಂಕಿ. ಗರ್ಭಿಣಿಯರು, ಎಳೆಮಕ್ಕಳು, ವಯಸ್ಸಾದವರು, ಕಾಯಿಲೆಯಿಂದ ಬಳಲಿದವರು ಹುರಿಯದ ಕೊಕ್ಕೊ ತಿನ್ನುವುದು ಬೇಡ. ಅವರಿಗೆ ಅಂಗಡಿಯ ಮಾಮೂಲಿ ಕೊಕ್ಕೊ ಪುಡಿ ಹಾಕಿ ಇದೇ ಅಳತೆಯಲ್ಲಿ ಮಾಡಿ. ಅದು ಹುರಿದ ಬೀಜದ್ದು. ರುಚಿ ಇನ್ನೂ ದುಂಡಗಿರುತ್ತದೆ. ಅಕ್ಕನ ಮಗನ ಪಾಲಿನದನ್ನು ನಾನು ಮಾಡುವುದು ಹಾಗೆಯೇ. ಅವನ ಗೆಳೆಯರಿಗೆ ಹಂಚುವ ಮೊದಲು ಯಾರಿಗಾದರೂ ಬಾದಾಮಿ ಆಗುವುದಿಲ್ಲವೇ ಎಂದು ಕೇಳುತ್ತೇನೆ. ಮನೆಯಲ್ಲಿ ನಾಯಿ ಇದ್ದರೆ ಕೆಳಗೆ ಬಿದ್ದ ಚೂರನ್ನೂ ಎತ್ತಿಬಿಡಿ, ಕೊಕ್ಕೊ ಅದಕ್ಕೆ ವಿಷ.

ಮೆತ್ತನೆಯವು ಮುಚ್ಚಿದ ಡಬ್ಬಿಯಲ್ಲಿ, ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತವೆ. ಒಣಗಿಸಿದವು ಎರಡು ವಾರ. ತೆಗೆದ ತಕ್ಷಣ ತಿನ್ನದೆ ಹತ್ತು ನಿಮಿಷ ಹೊರಗಿಡಿ. ತೀರಾ ತಣ್ಣಗಿದ್ದಾಗ ಮೊದಲು ಸಿಗುವುದು ಕಹಿ. ಬಾಯಿಯ ಬಿಸಿಗೆ ಕೊಕ್ಕೊ ಬೆಣ್ಣೆ ಕರಗತೊಡಗಿದ ಮೇಲೆ ಖರ್ಜೂರದ ಸಿಹಿ, ಆಮೇಲೆ ಕೊನೆಗೆ ಬೀಜದ ಆ ಸಣ್ಣ ಹುಳಿ.