ಬೋಟಿನ ವೈರ್‌ಲೆಸ್‌ನಲ್ಲಿ ಗದ್ದಲ: ಮೂಲ ಹಿಡಿಯುವ ಕ್ರಮ

ಮಲ್ಪೆ ದಕ್ಕೆಯಲ್ಲಿ ಎಂಜಿನ್ ಆರಿಸಿ ನಿಂತಾಗ ವೈರ್‌ಲೆಸ್ ಸ್ವಚ್ಛವಾಗಿ ಕೇಳುತ್ತದೆ. ಎಂಜಿನ್ ಚಾಲೂ ಮಾಡಿ, ಡೆಕ್ಕಿನ ದೀಪ ಹಾಕಿ, ಅಳಿವೆ ದಾಟಿದ ಮೇಲೆ ಸೆಟ್ಟು ಬುಸ್ಸೆನ್ನಲು ಶುರು. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಸದ್ದು ಅಡಗುವವರೆಗೆ ಸ್ಕ್ವೆಲ್ಚ್ ನಾಬ್ ತಿರುಗಿಸುವುದು. ಸದ್ದೇನೋ ಅಡಗುತ್ತದೆ, ಗದ್ದಲ ಅಲ್ಲೇ ಇರುತ್ತದೆ. ಸ್ಕ್ವೆಲ್ಚ್ ಎಂದರೆ ಸ್ಪೀಕರಿಗೆ ಇಟ್ಟ ಬಾಗಿಲು. ಅದನ್ನು ಬಿಗಿ ಮಾಡಿದಷ್ಟೂ ಜೋರಾದ ಸಿಗ್ನಲ್ಲಿಗೆ ಮಾತ್ರ ತೆರೆಯುತ್ತದೆ. ಏರಿಯಲ್ 9 ಮೀಟರ್ ಎತ್ತರದಲ್ಲಿರುವ ಎರಡು ಬೋಟುಗಳು ಸುಮಾರು 25 ಕಿ.ಮೀ. ದೂರದಿಂದ ಮಾತಾಡಿಕೊಳ್ಳಬಹುದು. ಬಾಗಿಲು ಬಿಗಿಯಾದ ಸೆಟ್ಟಿನಲ್ಲಿ ಪಕ್ಕದ ಬೋಟಿನ ತಾಂಡೇಲರ (ಬೋಟು ನಡೆಸುವವರ) ದನಿ ಸ್ಪಷ್ಟವಾಗಿ ಬರುತ್ತದೆ. ದೂರದಲ್ಲಿ 16ನೇ ಚಾನೆಲ್ಲಿನಲ್ಲಿ ಸಹಾಯಕ್ಕೆ ಕೂಗುವವರದ್ದು ಬರುವುದಿಲ್ಲ. ಹಾಗಾಗಿ ಗದ್ದಲವನ್ನು ಮುಚ್ಚುವ ಬದಲು ಅದರ ಮೂಲ ಹಿಡಿಯಬೇಕು.

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿ ವೈರಿಂಗ್ ಬದಲಿಸಲು ಸರಿಯಾದ ಸಮಯ. ಆದರೆ ದೋಷ ಹುಡುಕುವ ಕೆಲಸವನ್ನು ಮೇ ಕೊನೆಯಲ್ಲೇ, ಎಂಜಿನ್, ದೀಪ, ಫಿಶ್ ಫೈಂಡರ್ ಎಲ್ಲ ಓಡುತ್ತಿರುವಾಗಲೇ ಮಾಡಿ. ಬೇಕಾಗುವ ಸಾಮಾನು ಹೆಚ್ಚಿಲ್ಲ: ಒಂದು ಮಲ್ಟಿಮೀಟರ್, ಯುಪಿಎಸ್‌ಗೆ ಹಾಕುವಂಥ 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿ, ಗದ್ದಲ ತಡೆಯಲು ವೈರಿಗೆ ಕಚ್ಚಿಸುವ ಎಂಟು ಹತ್ತು ಫೆರೈಟ್ ಕ್ಲಿಪ್, ಬರೆದುಕೊಳ್ಳಲು ಕಾಗದ.

ಮೊದಲು ದೀಪ, ಚಾರ್ಜರ್, ಕನ್ವರ್ಟರ್

ಎಂಜಿನ್ ನಿಲ್ಲಿಸಿ, ಸೆಟ್ಟು ಬಿಟ್ಟು ಉಳಿದೆಲ್ಲ ಸ್ವಿಚ್ ಆರಿಸಿ. ಯಾರೂ ಮಾತಾಡದ ಚಾನೆಲ್ಲಿಗೆ ಹೋಗಿ. ಪರೀಕ್ಷೆಗೆ 16 ಬೇಡ. ಸ್ಕ್ವೆಲ್ಚ್ ಪೂರ್ತಿ ತೆರೆದರೆ ಬುಸ್ ಎಂಬ ಸದ್ದು ಬರುತ್ತದೆ. ಎಫ್‌ಎಂ ಸೆಟ್ಟಿನ ಗುಣವೇ ಅದು, ದೋಷವಲ್ಲ. ಸದ್ದು ಆಗಷ್ಟೇ ನಿಲ್ಲುವ ಜಾಗದಲ್ಲಿ ನಾಬ್ ಬಿಡಿ. ಈಗ ಒಂದೊಂದೇ ಸ್ವಿಚ್ ಹಾಕುತ್ತ ಹೋಗಿ: ಡೆಕ್ಕಿನ ಎಲ್‌ಇಡಿ, ನ್ಯಾವಿಗೇಶನ್ ದೀಪ, ಇನ್ವರ್ಟರ್, ಮೊಬೈಲ್ ಚಾರ್ಜರ್, ಫಿಶ್ ಫೈಂಡರ್. ಯಾವುದನ್ನು ಹಾಕಿದಾಗ ಬುಸ್ ಮರಳಿತೋ ಅದನ್ನು ಬರೆದುಕೊಳ್ಳಿ, ಅದನ್ನು ಆರಿಸಿ ಮುಂದಿನದಕ್ಕೆ ಹೋಗಿ. ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲಿ ಎಲ್‌ಇಡಿ ದೀಪಗಳ ಬಗ್ಗೆ ಎಚ್ಚರಿಕೆ ಕೊಟ್ಟಾಗ ಸೂಚಿಸಿದ್ದೂ ಇಂಥದೇ ಪರೀಕ್ಷೆ.

ಎಲ್‌ಇಡಿ ಯಾಕೆ ಹೀಗೆ? ಅದರೊಳಗಿನ ಡ್ರೈವರ್ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕಡಿದು ಕೊಡುತ್ತದೆ. ಅಗ್ಗದ ದೀಪದಲ್ಲಿ ಅದಕ್ಕೆ ಫಿಲ್ಟರ್ ಇರುವುದಿಲ್ಲ, ದೀಪದ ವೈರೇ ಏರಿಯಲ್ ಆಗಿಬಿಡುತ್ತದೆ. 16ನೇ ಚಾನೆಲ್ಲಿನ 156.8 ಮೆಗಾಹರ್ಟ್ಸ್‌ವರೆಗೂ ಅದರ ಕೊಳೆ ತಲುಪುತ್ತದೆ. ದೀಪದಿಂದ 10 ಸೆಂ.ಮೀ. ಒಳಗೆ ಫೆರೈಟ್ ಕಚ್ಚಿಸಿ, ಪಾಸಿಟಿವ್ ನೆಗೆಟಿವ್ ಎರಡೂ ಅದರೊಳಗೇ ಹೋಗಲಿ, ಸಾಧ್ಯವಾದರೆ ಎರಡು ಮೂರು ಸುತ್ತು ಹಾಕಿ. 31 ಅಥವಾ 43ನೇ ಮಿಶ್ರಣದ ಫೆರೈಟ್ ಈ ಫ್ರೀಕ್ವೆನ್ಸಿಗೆ ಸರಿ. ಅಲ್ಲಿಂದ ಮುಂದೆ ಎರಡೂ ವೈರನ್ನು ಹೆಣೆದು ಎಳೆಯಿರಿ. ಇಷ್ಟಾದರೂ ಬುಸ್ ನಿಲ್ಲದಿದ್ದರೆ ಆ ದೀಪವನ್ನೇ ಬದಲಿಸಿ. ಏರಿಯಲ್ ಪಕ್ಕದಲ್ಲೇ ಕಂಬಕ್ಕೆ ಕಟ್ಟಿದ ದೀಪಕ್ಕೆ ಫೆರೈಟಿನಿಂದ ಪೂರ್ತಿ ಪರಿಹಾರ ಸಿಗುವುದು ಅಪರೂಪ.

24 ವೋಲ್ಟಿನ ಬೋಟಿನಲ್ಲಿ ಎರಡು ಬ್ಯಾಟರಿಯ ಪೈಕಿ ಒಂದರಿಂದಷ್ಟೇ 12 ವೋಲ್ಟ್ ತೆಗೆಯುವ ಅಭ್ಯಾಸ ಬಿಡಿ. ಒಂದು ಬ್ಯಾಟರಿ ಸೊರಗುತ್ತದೆ, ಇನ್ನೊಂದು ಅತಿ ಚಾರ್ಜಾಗಿ ನೀರು ಬತ್ತುತ್ತದೆ. 24 ವೋಲ್ಟನ್ನು 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ, ಅದನ್ನೂ ಇದೇ ಪರೀಕ್ಷೆಗೆ ಒಡ್ಡಿ. ಕನ್ವರ್ಟರನ್ನು ಪರೀಕ್ಷಿಸುವಾಗ ಮಾತ್ರ ಸೆಟ್ಟನ್ನು ಅದರಿಂದ ಬಿಡಿಸಿ ಆ 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಓಡಿಸಬೇಕು.

ಎಂಜಿನ್ ಜೊತೆ ಏರಿಳಿಯುವ ಸಿಳ್ಳೆ

ಎಂಜಿನ್ ವೇಗ ಏರಿಸಿದಾಗ ಸಿಳ್ಳೆಯ ಸ್ವರವೂ ಏರಿದರೆ ಅದು ಆಲ್ಟರ್ನೇಟರಿನದು, ನಾವೆಲ್ಲ ಡೈನಮೋ ಎನ್ನುವುದರದು. ಹನ್ನೆರಡು ಧ್ರುವಗಳ ಮೂರು ಫೇಸಿನ ಆಲ್ಟರ್ನೇಟರ್ ಒಂದು ಸುತ್ತಿಗೆ 36 ಏರಿಳಿತ ಕೊಡುತ್ತದೆ. ನಿಮಿಷಕ್ಕೆ 3,000 ಸುತ್ತಾದರೆ ಸೆಕೆಂಡಿಗೆ 1,800. ಕಿವಿಗೆ ಕೀರಲಾಗಿ ಚುಚ್ಚುವ ಸ್ವರ. ಬಹಳ ಸಲ ಇದು ನಿಮಗೆ ಕೇಳಿಸುವುದೇ ಇಲ್ಲ, ನೀವು ಮಾತಾಡಿದಾಗ ಎದುರಿನವರಿಗೆ ಕೇಳಿಸುತ್ತದೆ. ಪಕ್ಕದ ಬೋಟಿನವರನ್ನು ಕೇಳಿ ನೋಡಿ.

ಸೆಟ್ಟಿನ ವೈರ್ ಕಳಚಿ ಚಿಕ್ಕ ಬ್ಯಾಟರಿಗೆ ಕೊಡಿ. ಸಿಳ್ಳೆ ನಿಂತರೆ ಗದ್ದಲ ಪವರ್ ವೈರಿನಲ್ಲಿ ಬರುತ್ತಿದೆ. ನಿಲ್ಲದಿದ್ದರೆ ಏರಿಯಲ್ ಕನೆಕ್ಟರ್ ಬಿಚ್ಚಿ ನೋಡಿ. ಏರಿಯಲ್ ಬಿಚ್ಚಿರುವಾಗ ಮೈಕಿನ ಬಟನ್ ಒತ್ತಲೇಬೇಡಿ, ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡಬಹುದು.

ಪವರ್ ವೈರಿನದೇ ಆದರೆ, ಎಂಜಿನ್ ಓಡುತ್ತಿರುವಾಗ ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ಪಾಸಿಟಿವ್ ಟರ್ಮಿನಲ್ಲಿಗೆ, ಇನ್ನೊಂದನ್ನು ಅದರ ಲೋಹದ ಮೈಗೆ ಹಿಡಿಯಿರಿ. 0.1 ವೋಲ್ಟಿನ ಒಳಗಿದ್ದರೆ ಸರಿ. 0.5 ದಾಟಿದರೆ ಡಯೋಡ್ ಹೋಗಿರುವ ಸಂಭವ ಹೆಚ್ಚು, ಫಿಲ್ಟರ್ ಹಾಕುತ್ತ ಕೂರದೆ ರಿಪೇರಿಗೆ ಕೊಡಿ. ಆಲ್ಟರ್ನೇಟರ್ ಹೌದೋ ಅಲ್ಲವೋ ಎಂಬ ಗುಮಾನಿ ಉಳಿದರೆ, ಎಂಜಿನ್ ನಿಲ್ಲಿಸಿ ಅದರ ಫೀಲ್ಡ್ ವೈರ್ (ಒಳಗಿನ ಸುರುಳಿಗೆ ಕರೆಂಟ್ ಕೊಡುವ ವೈರ್) ತೆಗೆದು ಮತ್ತೆ ಚಾಲೂ ಮಾಡಿ. ಓಡುತ್ತಿರುವಾಗ ದಪ್ಪ ಪಾಸಿಟಿವ್ ಕೇಬಲ್ ಎಳೆಯಬೇಡಿ. ವೋಲ್ಟೇಜ್ ಒಮ್ಮೆಗೇ ಜಿಗಿದು ಡಯೋಡ್, ಸೆಟ್ಟು ಎರಡೂ ಹೋಗುತ್ತವೆ.

ಡಯೋಡ್ ಚೆನ್ನಾಗಿದ್ದೂ ಸಿಳ್ಳೆ ಇದ್ದರೆ ತಪ್ಪು ವೈರ್ ಎಳೆದ ರೀತಿಯಲ್ಲಿ. ಸೆಟ್ಟಿನ ನೆಗೆಟಿವ್ ಅನ್ನು ಹತ್ತಿರ ಸಿಕ್ಕ ಬೋಲ್ಟಿಗೆ ಸಿಕ್ಕಿಸಿರುತ್ತಾರೆ. ಪಾಸಿಟಿವ್ ನೆಗೆಟಿವ್ ಎರಡನ್ನೂ ನೇರ ಬ್ಯಾಟರಿಯಿಂದಲೇ, ಕನ್ವರ್ಟರ್ ಇದ್ದರೆ ಅದರಿಂದಲೇ ತನ್ನಿ. ಬ್ಯಾಟರಿ ಬುಡದಲ್ಲಿ 10 ಆಂಪಿಯರ್ ಫ್ಯೂಸ್ ಇರಲಿ. 25 ವಾಟಿನಲ್ಲಿ ಮಾತಾಡುವಾಗ ಸೆಟ್ಟು 6 ಆಂಪಿಯರ್‌ವರೆಗೆ ಎಳೆಯುತ್ತದೆ. ಬ್ಯಾಟರಿ 5 ಮೀಟರ್ ದೂರದಲ್ಲಿದ್ದರೆ ಹೋಗಿಬರುವ ವೈರ್ 10 ಮೀಟರ್: 1 ಚದರ ಮಿ.ಮೀ. ತಾಮ್ರದಲ್ಲಿ ಒಂದು ವೋಲ್ಟ್ ಅಲ್ಲೇ ಕರಗುತ್ತದೆ, 2.5ರಲ್ಲಿ 0.4 ಮಾತ್ರ.

ಹೊರಗೆ ಕಟ್ಟುವ ಪೆಟ್ರೋಲ್ ಎಂಜಿನ್ನಿನ ನಾಡದೋಣಿಯಲ್ಲಿ ಟಿಕ್ ಟಿಕ್ ಬಂದರೆ ಅದು ಸ್ಪಾರ್ಕಿನದು. ಎಂಜಿನ್ ಕೈಪಿಡಿ ಹೇಳಿದ ರೆಸಿಸ್ಟರ್ ಪ್ಲಗ್ ಹಾಕಿ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಇಲ್ಲ, ಅಲ್ಲಿ ಪ್ಲಗ್ ಹುಡುಕಬೇಡಿ.

ಬೋಟು ಹೊರಳಿದಾಗ ಬರುವ ಕರಕರ

ಇದು ಉಪ್ಪಿನ ಕೆಲಸ. ಏರಿಯಲ್ ಬುಡದ ಪಿಎಲ್-259 ಕನೆಕ್ಟರ್ ಬಿಚ್ಚಿ: ಒಳಗೆ ಹಸಿರು ಹುಡಿ ಕಂಡರೆ, ಕೇಬಲ್ ಸಿಪ್ಪೆ ಸುಲಿದಾಗ ಜಾಲರಿ ಕಪ್ಪಗಿದ್ದರೆ ನೀರು ಇಳಿದಿದೆ. ಬರೀ ಕನೆಕ್ಟರ್ ಬದಲಿಸಿದರೆ ಪ್ರಯೋಜನವಿಲ್ಲ. ತಾಮ್ರ ಹೊಳೆಯುವ ಜಾಗ ಸಿಗುವವರೆಗೆ ಕೇಬಲ್ ಕತ್ತರಿಸಿ. ಅರ್ಧ ಮೀಟರ್ ಕತ್ತರಿಸಿದರೂ ಕಪ್ಪೇ ಇದ್ದರೆ ಇಡೀ ಕೇಬಲ್ ತೆಗೆದುಬಿಡಿ. ಹೊಸದು ಎಳೆಯುವಾಗ ತೆಳ್ಳನೆಯ ಆರ್‌ಜಿ-58 ಬದಲು ಆರ್‌ಜಿ-213 ಹಾಕಿ. ತೆಳ್ಳನೆಯದು 10 ಮೀಟರಿನಲ್ಲಿ ಮೂರನೇ ಒಂದು ಪಾಲು ಶಕ್ತಿ ತಿನ್ನುತ್ತದೆ.

ಬೆಸುಗೆಯಾದ ಮೇಲೆ ತನಗೆ ತಾನೇ ಅಂಟುವ ರಬ್ಬರ್ ಟೇಪನ್ನು ಎಳೆದು ಹಿಗ್ಗಿಸಿ, ಕೆಳಗಿನಿಂದ ಮೇಲಕ್ಕೆ ಸುತ್ತಿ. ಮೇಲಿನ ಸುತ್ತು ಕೆಳಗಿನದರ ಮೇಲೆ ಅರ್ಧ ಕೂರಬೇಕು, ಹಂಚಿನ ಮಾಡಿನ ಹಾಗೆ. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಪ್ರತಿ ಅಂಚಿನಲ್ಲೂ ನೀರು ನಿಲ್ಲುತ್ತದೆ. ಕೇಬಲ್ಲನ್ನು ಮೀಟರಿನಲ್ಲಿ ಪರೀಕ್ಷಿಸುವಾಗ ಏರಿಯಲ್ ಕಳಚಿರಬೇಕು. ಹಲವು ಏರಿಯಲ್‌ಗಳು ಡಿಸಿಗೆ ಶಾರ್ಟ್ ಆಗಿಯೇ ತಯಾರಾಗಿರುತ್ತವೆ. ಕರಕರ ಆಮೇಲೂ ಉಳಿದರೆ, ಏರಿಯಲ್ ಹತ್ತಿರ ಉಜ್ಜುವ ತುಕ್ಕು ಹಿಡಿದ ಸರಪಳಿ, ತಂತಿ, ಶ್ಯಾಕಲ್ ಇದೆಯೇ ನೋಡಿ.

ಎಲ್ಲ ಮುಗಿದ ಮೇಲೆ ಎಂಜಿನ್, ದೀಪ, ಯಂತ್ರಗಳನ್ನೆಲ್ಲ ಹಾಕಿ ಮತ್ತೆ ಸ್ಕ್ವೆಲ್ಚ್ ಹೊಂದಿಸಿ. ಸದ್ದು ನಿಲ್ಲುವ ಜಾಗದಲ್ಲಿ ನಾಬಿನ ಪಕ್ಕ ಪೇಂಟಿನ ಚುಕ್ಕೆ ಇಡಿ. ಅಂಕಿ ತೋರಿಸುವ ಸೆಟ್ಟಾದರೆ ಅಂಕಿ ಬರೆದು ಅಂಟಿಸಿ. ಮುಂದೆ ಯಾವತ್ತಾದರೂ ಸದ್ದಡಗಿಸಲು ನಾಬ್ ಆ ಚುಕ್ಕೆ ದಾಟಬೇಕಾಗಿ ಬಂದರೆ, ಹೊಸದಾಗಿ ಏನನ್ನು ಜೋಡಿಸಿದ್ದಾರೆ ಎಂದು ಮೊದಲು ಕಲಾಸಿಗಳನ್ನು (ಬೋಟಿನ ಕೆಲಸಗಾರರನ್ನು) ಕೇಳಿ. ಹೆಚ್ಚಾಗಿ ಅದು ಒಂದು ಚಾರ್ಜರ್ ಆಗಿರುತ್ತದೆ.