ಗಲ್ಲೆಯಲ್ಲಿ ಕುಳಿತೇ ವಿಮೆಯ ಲೆಕ್ಕ

ಮುಂಬಯಿಯ ಮಾಟುಂಗದ ಗಾಂಧಿ ಮಾರ್ಕೆಟ್ ಸುತ್ತ ಅಂಗಡಿ ಇಟ್ಟವರಿಗೆ ಜುಲೈ ಬಂದರೆ ಆಕಾಶಕ್ಕಿಂತ ಹೆಚ್ಚಾಗಿ ಹೊಸ್ತಿಲ ಮೇಲೆಯೇ ಕಣ್ಣು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದಾಗ ನನ್ನ ಚಿಕ್ಕಪ್ಪನ ಹೋಟೆಲಿನ ಅಕ್ಕಿ ಮೂಟೆಗಳು ನೀರು ಕುಡಿದು ಹೊಲಿಗೆ ಬಿಟ್ಟಿದ್ದವು. ವಿಮೆ ಇತ್ತು. ಆದರೆ ಅದನ್ನು ಮಾಡಿಸಿದ್ದು ಸಾಲ ಕೊಟ್ಟ ಬ್ಯಾಂಕು, ಅದೂ ಸಾಲದ ಮೊತ್ತಕ್ಕಷ್ಟೇ. ಪರಿಹಾರ ಸಾಲದ ಖಾತೆಗೆ ಜಮೆಯಾಯಿತು. ಅಕ್ಕಿಯ ಸೇಠ್‌ಗೆ ಚಿಕ್ಕಪ್ಪ ವರ್ಷವಿಡೀ ಕಂತು ಕಟ್ಟಿದರು.

ಆದ್ದರಿಂದ ಏಜೆಂಟರನ್ನು ಕರೆಯುವ ಮುಂಚೆ, ಊಟದ ಗದ್ದಲ ಇಳಿದ ಒಂದು ಮಧ್ಯಾಹ್ನ ನೋಟ್‌ಬುಕ್ ಹಿಡಿದು ಅಡುಗೆಮನೆಯಿಂದ ಗಲ್ಲೆಯವರೆಗೆ ನಡೆಯಿರಿ. ಗ್ರೈಂಡರ್, ಫ್ರಿಜ್, ಮೇಜು, ಪಾತ್ರೆ, ದಾಸ್ತಾನು ಎಲ್ಲವನ್ನೂ ಬರೆದುಕೊಳ್ಳಿ. ಯಂತ್ರಕ್ಕೆ ಇವತ್ತು ಹೊಸದು ಕೊಳ್ಳಲು ಬೇಕಾಗುವ ಬೆಲೆ ಹಾಕಿ. ಸಾಮಾನಿಗೆ ನೀವು ಕೊಂಡ ದರ, ಮಾರುವ ದರವಲ್ಲ.

ಕಟ್ಟಡದ ವಿಷಯದಲ್ಲಿ ಮುಂಬಯಿಯವರು ಎಡವುವುದು ಹೆಚ್ಚು. ಎರಡು ಕೋಟಿ ಬಾಳುವ ಗಾಳಾ (ಅಂಗಡಿ ಮಳಿಗೆ) ಎಂದು ಎರಡು ಕೋಟಿಗೆ ವಿಮೆ ಮಾಡಿಸುವವರಿದ್ದಾರೆ. ಈ ಊರಿನಲ್ಲಿ ಆ ಬೆಲೆಯ ಬಹುಪಾಲು ನೆಲದ್ದು, ಜಾಗದ ಹೆಸರಿನದ್ದು. ನೆಲ ಸುಟ್ಟುಹೋಗುವುದಿಲ್ಲ. ಮತ್ತೆ ಕಟ್ಟಲು ತಗಲುವ ವೆಚ್ಚವಷ್ಟೇ ಲೆಕ್ಕಕ್ಕೆ ಬರಬೇಕು. ಪಗಡಿಯ, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಹಿಡಿದ, ಅಂಗಡಿಯಾದರೆ ಕಟ್ಟಡ ಮಾಲೀಕರದ್ದು; ನಿಮ್ಮ ಕೈಯಿಂದ ಹಾಕಿಸಿದ ಟೈಲ್ಸ್, ಚಿಮಣಿ, ಪೀಠೋಪಕರಣ, ಸಾಮಾನು ನಿಮ್ಮವು. ಅವುಗಳಿಗೇ ವಿಮೆ ಮಾಡಿಸಿ.

ಒಟ್ಟು ಮೊತ್ತ ಒಂದು ಜಾಗದಲ್ಲಿ 5 ಕೋಟಿ ರೂಪಾಯಿಯ ಒಳಗಿದ್ದರೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪಾಲಿಸಿ ಕೇಳಿ. 2021ರ ಏಪ್ರಿಲ್‌ನಿಂದ ಸಾಮಾನ್ಯ ವಿಮಾ ಕಂಪನಿಗಳು ಒಂದೇ ಮಾದರಿಯಲ್ಲಿ ಕೊಡುತ್ತಿರುವ ಪಾಲಿಸಿ ಇದು. 5ರಿಂದ 50 ಕೋಟಿಯವರೆಗಿನದ್ದು ‘ಲಘು ಉದ್ಯಮ ಸುರಕ್ಷಾ’. ಬೆಂಕಿ, ಸ್ಫೋಟ, ಪ್ರವಾಹ, ಚಂಡಮಾರುತ, ಭೂಕಂಪ, ಗಲಭೆ ಇದರೊಳಗೆ ಬರುತ್ತವೆ.

ಇನ್ನು ಮೊತ್ತ. ಪ್ರೀಮಿಯಂ ಉಳಿಸಲು 20 ಲಕ್ಷದ ಸಾಮಾನಿಗೆ 10 ಲಕ್ಷದ ವಿಮೆ ಮಾಡಿಸಿದಿರಿ ಎನ್ನಿ. ಬೆಂಕಿ ಬಿದ್ದು 4 ಲಕ್ಷ ನಷ್ಟವಾದರೆ, 10 ಲಕ್ಷದೊಳಗಿದೆಯಲ್ಲ, ಪೂರ್ತಿ ಬರುತ್ತದೆ ಎಂದುಕೊಳ್ಳಬೇಡಿ. ಅರ್ಧಕ್ಕೆ ವಿಮೆ ಮಾಡಿಸಿದವರಿಗೆ ನಷ್ಟದ ಅರ್ಧವಷ್ಟೇ ಸಿಗುತ್ತದೆ: 2 ಲಕ್ಷ. ಸೂಕ್ಷ್ಮ ಉದ್ಯಮ ಪಾಲಿಸಿ ಶೇ 15ರವರೆಗಿನ ಕೊರತೆಯನ್ನು ಮನ್ನಿಸುತ್ತದೆ, ಅದಕ್ಕಿಂತ ಹೆಚ್ಚಾದರೆ ಇದೇ ಲೆಕ್ಕ. ಗಣೇಶ ಚತುರ್ಥಿ, ದೀಪಾವಳಿಗೆ ದಾಸ್ತಾನು ಏರುವವರು ಆ ತಿಂಗಳ ಮೊತ್ತವನ್ನೇ ನೋಡಬೇಕು.

ಪಾಲಿಸಿಯಲ್ಲಿ ‘ಇವು ಸೇರಿಲ್ಲ’ ಎನ್ನುವ ಪುಟವನ್ನು ಮೊದಲು ಓದಿ. ವಿದ್ಯುತ್ ಏರಿಳಿತದಿಂದ ಗ್ರೈಂಡರಿನ ಮೋಟರು ಸುಟ್ಟರೆ ಬೆಂಕಿ ವಿಮೆ ಕೊಡುವುದಿಲ್ಲ. ಅದಕ್ಕೆ ಯಂತ್ರ ಕೆಡುವಿಕೆಯ ವಿಮೆ ಬೇರೆ. ಕರೆಂಟು ಹೋಗಿ ಫ್ರೀಜರಿನ ಐಸ್‌ಕ್ರೀಂ ಕರಗಿದರೂ ಹಾಗೆಯೇ. ಬೀಗ ಮುರಿದು ನುಗ್ಗುವ ಕಳ್ಳತನಕ್ಕೆ ಪ್ರತ್ಯೇಕ ಪಾಲಿಸಿ, ಗಲ್ಲೆಯ ಹಣ ಬ್ಯಾಂಕಿಗೆ ಹೋಗುವ ದಾರಿಗೆ ಇನ್ನೊಂದು. ಇವೆಲ್ಲವನ್ನೂ ಕಟ್ಟಿ ಕೊಡುವ ‘ಶಾಪ್‌ಕೀಪರ್ಸ್’ ಪ್ಯಾಕೇಜ್ ಅಗ್ಗವಾಗಬಹುದು. ಆದರೆ ಅಂಗಡಿಗೆ ಗಾಜಿನ ಮುಂಭಾಗವೇ ಇಲ್ಲದಿದ್ದರೆ ಗಾಜಿನ ವಿಮೆಗೇಕೆ ಹಣ ತೆರಬೇಕು?

ಅಂಗಡಿಯನ್ನು ಮುಚ್ಚಿಸುವಷ್ಟು ದೊಡ್ಡ ಏಟು ಸಾಮಾನಿನಿಂದಲ್ಲ, ಮನುಷ್ಯರಿಂದ ಬರುತ್ತದೆ. 2017ರ ಡಿಸೆಂಬರ್‌ನಲ್ಲಿ ಕಮಲಾ ಮಿಲ್ಸ್ ಆವರಣದ ರೆಸ್ಟೋರೆಂಟ್ ಬೆಂಕಿಯಲ್ಲಿ 14 ಮಂದಿ ಸತ್ತರು. ಗಿರಾಕಿಗೆ ಗಾಯವಾದರೆ ಪರಿಹಾರ ಕೊಡುವ ಸಾರ್ವಜನಿಕ ಹೊಣೆಗಾರಿಕೆ ವಿಮೆಯನ್ನು ಹೋಟೆಲಿನವರು ಬಿಡಬಾರದು ಎಂಬುದು ನನ್ನ ಅಭಿಪ್ರಾಯ. ಆಹಾರ ವಿಷಬಾಧೆ ಅದರಲ್ಲಿ ಸೇರಿದೆಯೇ ಎಂದು ಕೇಳಿ ಬರೆಸಿಕೊಳ್ಳಿ. ಊರಿನಿಂದ ಕರೆತಂದ ಹುಡುಗರು ಇಎಸ್‌ಐಗೆ (ನೌಕರರ ರಾಜ್ಯ ವಿಮೆ) ಸೇರಿರದಿದ್ದರೆ ಅವರಿಗೆ ನೌಕರರ ಪರಿಹಾರ ವಿಮೆ ಬೇಕು. ಮಗನಂತೆ ನೋಡಿಕೊಳ್ಳುತ್ತೇವೆ ಎನ್ನುವುದು ಸರಿ, ಆದರೆ ಬಿಸಿ ಎಣ್ಣೆ ಚೆಲ್ಲಿದ ದಿನ ಆಸ್ಪತ್ರೆಯ ಬಿಲ್ಲು ಆ ಮಾತನ್ನು ಒಪ್ಪುವುದಿಲ್ಲ.

ಕೊಟೇಶನ್ ಹೋಲಿಸುವಾಗ ನಷ್ಟದ ಮೊದಲ ಭಾಗ ಎಷ್ಟು ನಿಮ್ಮ ತಲೆಯ ಮೇಲಿದೆ ಎಂಬ ಸಾಲನ್ನು ನೋಡಿ. ಪ್ರೀಮಿಯಂ ಮೇಲೆ ಶೇ 18 ಜಿಎಸ್‌ಟಿ ಇದೆ. ಶೇ 5ರ ದರದಲ್ಲಿ ತೆರಿಗೆ ಕಟ್ಟುವ ಹೋಟೆಲಿಗೆ ಅದು ಹಿಂದಿರುಗುವುದಿಲ್ಲ, ಖರ್ಚಿನಲ್ಲೇ ಸೇರಿಸಿ. ಬ್ಯಾಂಕ್ ಸಾಲವಿದ್ದರೆ ಸಾಲದ ಮೊತ್ತಕ್ಕಲ್ಲ, ಪೂರ್ತಿ ಮೌಲ್ಯಕ್ಕೆ ಪಾಲಿಸಿ ಇದೆಯೇ ಎಂದು ಮ್ಯಾನೇಜರ್ ಬಳಿ ಪ್ರತಿ ಕೇಳಿ ಓದಿ.

ನಷ್ಟವಾದ ದಿನ ಗುಡಿಸುವ ಮುಂಚೆ ಫೋಟೋ ತೆಗೆಯಿರಿ, ಕಂಪನಿಗೆ ಕೂಡಲೇ ತಿಳಿಸಿ, ನಷ್ಟ ಅಳೆಯುವ ಸರ್ವೇಯರ್ ಬರುವವರೆಗೆ ಒದ್ದೆ ಮೂಟೆಯನ್ನೂ ಎಸೆಯಬೇಡಿ. ಅವರು ಮೊದಲು ಕೇಳುವುದು ಖರೀದಿ ಬಿಲ್ಲುಗಳನ್ನು. ಬಿಲ್ಲುಗಳ ಒಂದು ಪ್ರತಿ ಮೊಬೈಲಿನಲ್ಲಿ, ಇನ್ನೊಂದು ಮನೆಯಲ್ಲಿ ಇರಲಿ. ಚಿಕ್ಕಪ್ಪ ತಮ್ಮ ಬಿಲ್ಲುಗಳನ್ನೆಲ್ಲ ಗಲ್ಲೆಯ ಅತ್ಯಂತ ಕೆಳಗಿನ ಡ್ರಾಯರಿನಲ್ಲಿ ಜೋಪಾನವಾಗಿ ಇಟ್ಟಿದ್ದರು.